ದಿವಾನಖಾನೆಗೆ ಬಂದ ಜೋಡಿ ಸ್ಪೀಕರು

ನಮ್ಮ ಮಗಳು ನೆರ್ಮೀನಳನ್ನು ನೋಡಲು ಗಂಡಿನ ಕಡೆಯವರು ಶುಕ್ರವಾರ ಬರುತ್ತಾರೆಂದು ಗೊತ್ತಾದ ಕ್ಷಣವೇ ನಾನೊಂದು ಭೀಷಣ ಪ್ರತಿಜ್ಞೆ ಮಾಡಿದೆ. ಅವರು ನಮ್ಮ ದಿವಾನಖಾನೆಯಲ್ಲಿ ಕಾಲಿಡುತ್ತಿದ್ದಂತೆ ಊದ್ ವಾದ್ಯದ ಇಂಪಾದ ನಾದ ನಾಲ್ಕೂ ಗೋಡೆಗಳಿಂದ ಜಿನುಗಬೇಕು! ಶುಬ್ರಾ ಬಡಾವಣೆಯಲ್ಲಿ, ಬೇಕಾದರೆ ಇಡೀ ಕೈರೋದಲ್ಲಿ, ಅಂಥ ನಾದ ಯಾರ ಮನೆಯಲ್ಲೂ ಜಿನುಗಿರಬಾರದು!

"ಅಡುಗೆಮನೇಲಿ ರೇಡಿಯೋ ಇದೆಯಲ್ಲ," ಎಂದಳು ನನ್ನ ಹೆಂಡತಿ ಅಫ್ಕಾರ್, ದ್ರಾಕ್ಷಿ ಎಲೆಯೊಳಗೆ ಅನ್ನ ಇಟ್ಟು ಸುತ್ತುತ್ತಾ.

"ಅದು ರೇಡಿಯೋ ಅಲ್ಲ. ಕೆಮ್ಮೋ ಡಬ್ಬ."

"ಕೆಮ್ಮಿದ್ರೂ ಇಷ್ಟು ವರ್ಷದಲ್ಲಿ ಒಂದಿನ ನಂಗೆ ಎದುರು ಮಾತಾಡಿಲ್ಲ. ಈ ಮನೇಲಿ ಇನ್ಯಾರಿಗಿದೆ ಆ ಗುಣ?"

ವಿಷಯ ಸಣ್ಣದಲ್ಲ. ಹುಡುಗ ಶಿಹಾಬ್ ನಮ್ಮ ನೆರ್ಮೀನ್ ಕೆಲಸ ಮಾಡುವ ಔಷಧದಂಗಡಿಯಲ್ಲೇ ಇರುವವನು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ಆಗಿತ್ತು. ಮೆಚ್ಚಬೇಕಾಗಿದ್ದವರು ಅವನ ಅಪ್ಪ, ಹಾಜಿ ಬಯ್ಯೂಮಿ. ದಮಿಯಾತ್‌ನಿಂದ ಬಂದು ಇಲ್ಲಿ ಮೇಜು, ಕುರ್ಚಿ, ಕಪಾಟುಗಳ ಕಾರ್ಖಾನೆ ಇಟ್ಟವರು. ಆಡಂಬರ ಕಂಡರೆ ಅವರಿಗೆ ಮೈ ಉರಿಯುತ್ತದೆ. ಹಿರಿಯ ಮಗನಿಗೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಟಿವಿ ಜೋರಾಗಿ ಹಾಕಿ ಅದರ ಅಗಲವನ್ನು ಹೊಗಳಿದರೆಂದು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದ ಆಸಾಮಿ. ದೃಷ್ಟಿ ತಾಗೀತೆಂದು ಹೆದರಿ ಅಫ್ಕಾರ್ ಈ ಭೇಟಿಯ ಸುದ್ದಿಯನ್ನು ನೆರೆಹೊರೆಯ ಯಾರ ಕಿವಿಗೂ ಹಾಕಿರಲಿಲ್ಲ.

"ಅಪ್ಪಾ, ನಿಂಗೆ ಕೈ ಮುಗೀತೀನಿ, ಸುಮ್ನೆ ಕೂತಿರು. ಅಷ್ಟು ಮಾಡಿದ್ರೆ ಸಾಕು," ಎಂದಳು ನೆರ್ಮೀನ್.

ಸುಮ್ಮನೆ ಕೂರುವುದು ನಮ್ಮ ವಂಶದಲ್ಲೇ ಇಲ್ಲ. ನಾನು ನೇರವಾಗಿ ಸ್ಪೀಕರು ಮಾರುವ ಅಂಗಡಿಗೆ ಹೋದೆ.

ಅಂಗಡಿಯವನು ಸಭ್ಯಸ್ಥ. "ಮೊದಲು ರೂಮು ಎಷ್ಟು ದೊಡ್ಡದು ಹೇಳಿ ಉಸ್ತಾದ್," ಎಂದ. "ಆಮೇಲೆ ಆಂಪ್ಲಿಫೈಯರ್‌ಗೆ ಎಷ್ಟು ವ್ಯಾಟ್ ಬೇಕು, ಸ್ಪೀಕರ್ ಎಷ್ಟು ದೊಡ್ಡದಿರಬೇಕು ನಾನು ಹೇಳ್ತೀನಿ. ಸಣ್ಣ ರೂಮಾದ್ರೆ ಪುಸ್ತಕದ ಗೂಡಲ್ಲಿ ಕೂರೋ ಜೋಡಿ ಸಾಕು. ದೊಡ್ಡದು ಹಾಕಿದ್ರೆ ಹಾಡು ಕೇಳಲ್ಲ, ಬರೀ ಗುಡುಗು ಕೇಳುತ್ತೆ."

ಎಷ್ಟು ಸರಳವಾದ ಪ್ರಶ್ನೆ! ಆದರೆ ಕೈರೋದ ಗಂಡಸನ್ನು ನಾಲ್ಕು ಜನರೆದುರು ಅವನ ದಿವಾನಖಾನೆಯ ಅಳತೆ ಕೇಳಬಾರದು. ನಮ್ಮದರಲ್ಲಿ ಗಿಲೀಟಿನ ಸೋಫಾ, ಗಿಲೀಟಿನ ಕುರ್ಚಿಗಳು ಕೂತ ಮೇಲೆ ಅತಿಥಿಗಳು ಅಡ್ಡಡ್ಡವಾಗಿ ನಡೆದು ಒಳಗೆ ಬರಬೇಕು. ಪಕ್ಕದಲ್ಲಿ ಬೇರೆ ಗಿರಾಕಿಗಳು ಕಿವಿ ನಿಮಿರಿಸಿ ನಿಂತಿದ್ದರು.

"ಮೂರಂಕಣದ ದಿವಾನಖಾನೆ," ಎಂದೆ.

"ಮೂರೂ ಒಂದೇ ಹಜಾರವಾ?"

"ಒಂದೇ. ನಡುವೆ ಕಂಬಗಳಿವೆ." ಆ ಕಂಬಗಳು ನನ್ನ ಬಾಯಿಗೆ ಎಲ್ಲಿಂದ ಬಂದವೋ ಇವತ್ತಿಗೂ ಗೊತ್ತಿಲ್ಲ.

"ಸೀಲಿಂಗ್ ಎತ್ತರಾನಾ?"

"ಕತ್ತೆತ್ತಿ ನೋಡಬೇಕು."

ಅವನು ನನ್ನನ್ನು ಗೌರವದಿಂದ ನೋಡಿದ. "ಹಾಗಾದ್ರೆ ಸಣ್ಣದರಲ್ಲಿ ಕೆಲಸ ಆಗಲ್ಲ," ಎಂದ.

ಸ್ಪೀಕರುಗಳು ಮನೆಗೆ ಬಂದವು. ಒಂದೊಂದೂ ನನ್ನ ಎದೆಯೆತ್ತರ. ಅವು ಒಳಗೆ ಹೋಗಲು ಸೋಫಾ ಹೊರಗೆ ಬರಬೇಕಾಯಿತು. ಆಂಪ್ಲಿಫೈಯರ್ ಇಡಲು ಕುರ್ಚಿಗಳೂ ಹೊರಟವು. ಅಫ್ಕಾರ್ ಹಾಸಿಗೆಯ ಮೇಲೆ ಕಾಲು ಮೇಲಾಗಿ ಬಿದ್ದಿದ್ದ ಕುರ್ಚಿಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಬಂದೋರು ಎಲ್ಲಿ ಕೂರ್ತಾರೆ?"

"ಉತ್ತಮ ಸಂಗೀತವನ್ನ ನಿಂತೂ ಕೇಳಬಹುದು."

"ನಿಮ್ಮನ್ನ ಕಟ್ಕೊಂಡು ನಾನು ನಿಂತೇ ಇದ್ದೀನಿ. ಪಾಪ, ಅವರೇನು ಮಾಡಿದ್ರು?"

ಶುಕ್ರವಾರ ನಮಾಜು ಮುಗಿಸಿ ಬಂದು, ಅತಿಥಿಗಳು ಬರುವ ಮುಂಚೆ ಒಮ್ಮೆ ಪರೀಕ್ಷಿಸೋಣವೆಂದು ಗುಂಡಿಯನ್ನು ಎಳ್ಳಷ್ಟು ತಿರುಗಿಸಿದೆ. ನಾದ ಜಿನುಗಲಿಲ್ಲ. ಊದ್‌ನ ಮೊದಲ ತಂತಿ ಮಿಡಿದದ್ದೇ ತಡ, ಗಾಜಿನ ಬೀರುವಿನೊಳಗಿನ ಬಟ್ಟಲುಗಳು ಒಂದಕ್ಕೊಂದು ಸಲಾಮು ಹೇಳಿದವು. ಎರಡನೆಯ ತಂತಿಗೆ ಗೋಡೆಯಲ್ಲಿದ್ದ ನನ್ನ ಅತ್ತೆಯ ಭಾವಚಿತ್ರ ಗೋಡೆಯ ಕಡೆಗೆ ಮುಖ ತಿರುಗಿಸಿತು. ನಾನು ಗಾಬರಿಯಲ್ಲಿ ಗುಂಡಿಯನ್ನು ಇಳಿಸಲು ಹೋಗಿ ಏರಿಸಿದೆ!

ನಮ್ಮ ಓಣಿಯಲ್ಲಿ ಈ ಗಾತ್ರದ ಸ್ಪೀಕರು ಬಾಯಿ ಬಿಡುವುದು ಒಂದೇ ಕಾರಣಕ್ಕೆ: ಮದುವೆ. ಮೇಲಿನ ಮನೆಯ ಉಮ್ ಹಿಶಾಮ್ ಬಾಲ್ಕನಿಗೆ ಬಂದು ನಾಲಿಗೆ ಹೊರಳಿಸಿ ಉಲುಲು ಹಾಕಿದಳು. ಎದುರು ಬಾಲ್ಕನಿಯವಳು ಉತ್ತರ ಕೊಟ್ಟಳು. ಕಾರಣ ಗೊತ್ತಿಲ್ಲದೆ ಓಣಿಗೆ ಓಣಿಯೇ ಸಂಭ್ರಮಿಸತೊಡಗಿತು.

ನೆರ್ಮೀನ್ ಓಡಿ ಬಂದು ಪ್ಲಗ್ ಕಿತ್ತಳು. ಆ ನಿಶ್ಶಬ್ದದಲ್ಲಿ ಬಾಗಿಲ ಗಂಟೆ ಮೊಳಗಿತು.

ಅಫ್ಕಾರ್ ಎರಡೂ ಸ್ಪೀಕರುಗಳ ಮೇಲೆ ಕಸೂತಿಯ ಮೇಜುವಸ್ತ್ರ ಎಸೆದು, ದಿವಾನಖಾನೆಯ ಬಾಗಿಲು ಎಳೆದು, ಬೀಗರನ್ನು ಸೀದಾ ಅಡುಗೆಮನೆಗೆ ಕರೆದೊಯ್ದಳು. ಹಾಜಿ ಮರದ ಸ್ಟೂಲಿನ ಮೇಲೆ ಕೂತರು; ಶಿಹಾಬ್ ಪಕ್ಕದಲ್ಲಿ ನಿಂತ.

"ಏನಮ್ಮ ಅದು, ಕಿವಿ ತೂತಾಗೋ ಹಂಗೆ ಸದ್ದು?"

"ಕೆಳಮನೆಯವರು," ಎಂದಳು ಅಫ್ಕಾರ್, ಕಣ್ಣು ಮಿಟುಕಿಸದೆ. "ಹೊಸ ಸ್ಪೀಕರು ತಂದಿದಾರಂತೆ."

"ಎಂಥಾ ಮೂರ್ಖ! ಮನೆ ಎಷ್ಟಿದೆ ಅಂತ ನೋಡ್ಕೊಂಡು ತರಬಾರದಾ?" ಹಾಜಿ ಒಪ್ಪಿಗೆಗಾಗಿ ನನ್ನ ಕಡೆ ತಿರುಗಿದರು.

"ಶತಮೂರ್ಖ," ಎಂದೆ. ಮದುವೆಯಾದ ಮೇಲೆ ಮೊದಲ ಬಾರಿಗೆ ಅಫ್ಕಾರ್ ನನ್ನ ಮಾತಿಗೆ ಮನಸಾರೆ ತಲೆಯಾಡಿಸಿದಳು.

ರೇಡಿಯೋ ತನ್ನ ಪಾಡಿಗೆ ಮೆಲ್ಲಗೆ ಕೆಮ್ಮುತ್ತಿತ್ತು. ಹಾಜಿ ಪಾತ್ರೆಯಿಂದಲೇ ದ್ರಾಕ್ಷಿ ಎಲೆಯ ಸುರುಳಿ ಎತ್ತಿ ತಿಂದರು. "ಮನೆ ಅಂದ್ರೆ ಹೀಗಿರಬೇಕು. ಎಲ್ಲರೂ ಗಿಲೀಟು ಕುರ್ಚಿ ಮೇಲೆ ಕೂರಿಸಿ ಬೆನ್ನು ಮುರೀತಾರೆ. ಅದನ್ನ ಮಾರೋನು ನಾನು, ನಂಗೊತ್ತಿಲ್ವಾ?"

ನನ್ನ ಜೀವ ಇನ್ನೇನು ತಣ್ಣಗಾಗಬೇಕು, ಉಮ್ ಹಿಶಾಮ್ ಸಂಬಂಧ ಕುದುರಿದಾಗ ಹಂಚುವ ಗುಲಾಬಿ ಶರಬತ್ತಿನ ತಟ್ಟೆ ಹಿಡಿದು ನುಗ್ಗಿ ಶುಭ ಹಾರೈಸಿದಳು. "ಮಬ್ರೂಕ್! ಮಬ್ರೂಕ್! ಫಾತಿಹಾ ಓದಿ ಸಂಬಂಧ ಗಟ್ಟಿ ಮಾಡ್ಕೊಂಡಿದೀರ, ನಂಗೊಂದು ಮಾತು ಹೇಳಲಿಲ್ಲ!"

ನನಗೆ ನಿಜಕ್ಕೂ ಭಯವಾಯಿತು. ಮಗಳ ಮುಖ ನೋಡುವ ಧೈರ್ಯವೂ ಬರಲಿಲ್ಲ. ಹಾಜಿಯ ಹುಬ್ಬು ಮೇಲೇರಿತು.

"ಹಾಜಿ, ನಾವು ಯಾರಿಗೂ ಏನೂ ಹೇಳಿಲ್ಲ," ಎಂದಳು ನೆರ್ಮೀನ್. "ನೀವು ನೋಡೋಕೆ ಅಂತ ಬಂದಿದ್ದು. ಈ ಶರಬತ್ತು ಕುಡೀಲೇಬೇಕು ಅಂತೇನಿಲ್ಲ."

ಹಾಜಿ ಮಗನ ಕಡೆ ನೋಡಿದರು. ಶಿಹಾಬ್ ಆಗಲೇ ಲೋಟ ಖಾಲಿ ಮಾಡಿ ಮತ್ತೊಂದಕ್ಕೆ ಕೈ ಚಾಚಿದ್ದ.

"ಇವನು ಕುಡಿದೇಬಿಟ್ಟ," ಎಂದರು ಹಾಜಿ. "ಇನ್ನೇನು ಮಾಡೋದು, ಓದಿಬಿಡೋಣ."

ಹೀಗೆ ನಮ್ಮ ಅಡುಗೆಮನೆಯಲ್ಲಿ, ಪಾತ್ರೆಗಳ ಮಧ್ಯೆ, ಕೈ ಎತ್ತಿ ಫಾತಿಹಾ ಓದಿದೆವು. ನಾನು ಅತ್ತುಬಿಟ್ಟೆ. ಅತ್ತದ್ದು ಸಂತೋಷಕ್ಕೆ ಎಂದು ಎಲ್ಲರಿಗೂ ಹೇಳಿದೆ.

ಹೊರಡುವಾಗ ದಿವಾನಖಾನೆಯ ಬಾಗಿಲು ಅದಾಗಿಯೇ ತೆರೆದುಕೊಂಡಿತು. ಹಾಜಿ ಕಸೂತಿ ಬಟ್ಟೆ ಎತ್ತಿದರು.

"ಇದೇನಿದು?"

"ನೆರ್ಮೀನಳ ಕಪಾಟು," ಎಂದಳು ಅಫ್ಕಾರ್. "ಜೋಡಿ."

ಹಾಜಿ ಬೆರಳು ಮಡಿಸಿ ಬಡಿದು ನೋಡಿದರು. "ಮರ ಗಟ್ಟಿ ಇದೆ. ಬಾಗಿಲ್ಯಾಕಿಲ್ಲ? ಈ ದುಂಡು ಜಾಲರಿ ಯಾಕೆ?"

"ಗಾಳಿಯಾಡೋಕೆ. ಈರುಳ್ಳಿ ಇಡೋದಲ್ವಾ?"

"ಹೌದೇನು ವಗ್ದಿ?" ಎಂದು ಹಾಜಿ ನನ್ನನ್ನೇ ದಿಟ್ಟಿಸಿದರು.

ಆ ಜೋಡಿಯನ್ನು ನಾನು ಮಕ್ಕಳಂತೆ ಮನೆಗೆ ತಂದಿದ್ದೆ. ಆದರೆ ಬಾಗಿಲಲ್ಲಿ ನನ್ನ ನಿಜವಾದ ಮಗಳು ನಿಂತಿದ್ದಳು. "ಹೌದು ಹಾಜಿ," ಎಂದೆ. "ಈರುಳ್ಳಿಗೆ."

"ಕಾರ್ಖಾನೆಗೆ ಕಳಿಸಿ. ಬಾಗಿಲು ಹಾಕಿಸಿ ಕೊಡ್ತೀನಿ."

ಕಳಿಸಿದೆವು. ಆಂಪ್ಲಿಫೈಯರ್ ಮಾತ್ರ ನಮ್ಮಲ್ಲೇ ಉಳಿಯಿತು. ಅದು ಬೆಚ್ಚಗಾಗುತ್ತದೆಂದು ಕಂಡುಕೊಂಡ ಅಫ್ಕಾರ್ ಅದರ ಮೇಲೆ ರೊಟ್ಟಿ ಹಿಟ್ಟು ಉಬ್ಬಲು ಇಡುತ್ತಾಳೆ. ಮದುವೆ ಹತ್ತಿರ ಬಂದಾಗ ಶಿಹಾಬ್ ಒಂದು ದೊಡ್ಡ ಪೊಟ್ಟಣ ಹೊತ್ತು ಬಂದ. ಬಿಚ್ಚಿದೆ. ಹತ್ತಿಯಲ್ಲಿ ಜೋಪಾನವಾಗಿ ಸುತ್ತಿದ ಸ್ಪೀಕರುಗಳ ಕರುಳು: ದುಂಡು ತಟ್ಟೆಗಳು, ಅಂದವಾಗಿ ಮಡಿಸಿದ ತಂತಿಗಳು.

"ಅಪ್ಪ ಕಳಿಸಿದ್ರು," ಎಂದ ಶಿಹಾಬ್, ನೆಲ ನೋಡುತ್ತಾ. "ಇದನ್ನ ಕೆಳಮನೆ ಮೂರ್ಖನಿಗೆ ತಲುಪಿಸಬೇಕಂತೆ."

ಅಫ್ಕಾರ್ ಹಿಟ್ಟು ನಾದುವುದನ್ನು ನಿಲ್ಲಿಸಲೂ ಇಲ್ಲ.

"ಇಲ್ಲೇ ಕೊಟ್ಟುಬಿಡು ಮಗನೇ," ಎಂದಳು. "ಅವರು ಮನೇಲೇ ಇದ್ದಾರೆ."