ಊದುವ ಕ್ಯಾಸೆಟ್ಟು, ತಿಕ್ಕುವ ಸಿಡಿ

ಯುಗಾದಿಗೆ ಮನೆ ಸ್ವಚ್ಛ ಮಾಡುವ ಹುರುಪಿನಲ್ಲಿ ಪಾರವ್ವ ಅಟ್ಟದಿಂದ ಎರಡು ಹಳೆಯ ವಿಡಿಯೋ ಗೇಮ್ ಇಳಿಸಿದ್ದೇ ಮಗ ಕಾಶಿನಾಥನ ಗ್ರಹಚಾರಕ್ಕೆ ಮೊದಲಾಯಿತು. ಒಂದು ಅವನದು, ಕ್ಯಾಸೆಟ್ ಸಿಗಿಸಿ ಆಡುವುದು. ಅವನು ಆರನೇ ಇಯತ್ತೆ ಪಾಸಾದಾಗ ಅಪ್ಪ ಗೋಕಾಕದಿಂದ ಮೂಡಲಗಿಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಅಪ್ಪ ಈಗಿಲ್ಲ. ಇನ್ನೊಂದು ತಮ್ಮ ಉಮೇಶನದು, ಸಿಡಿ ಹಾಕಿ ಆಡುವುದು.

“ಇಬ್ಬರದೂ ತಲಿ ಬೆಳ್ಳಗಾಗಾಕ ಬಂತು,” ಎಂದಳು ಪಾರವ್ವ. “ಮಧ್ಯಾಹ್ನ ಗುಜರಿಯಾಂವ ಬರ್ತಾನ. ಅಷ್ಟರಾಗ ಯಾವುದು ಚಾಲೂ ಆಗ್ತೈತಿ ಅದೊಂದು ಇರಲಿ. ಇನ್ನೊಂದು ಅವನ ಗಾಡಿಗೆ.”

ಕಾಶಿನಾಥ ಅಪ್ಪ ತಂದ ಗೇಮನ್ನು ಗಡಬಡಿಸಿ ತನ್ನ ಹತ್ತಿರ ಎಳೆದುಕೊಂಡ. ಆದರೂ ಗತ್ತು ಬಿಡಲಿಲ್ಲ. “ಕ್ಯಾಸೆಟ್ ಅಂದ್ರ ಗಟ್ಟಿ ಸಾಮಾನು. ಸಿಗಿಸಿದ್ರ ಆಟ ಶುರು. ಸಿಡಿ ಕಾಯಿಸಿ ಕಾಯಿಸಿ ಜೀವ ತಿಂತೈತಿ.”

ಸಿಗಿಸಿದ. ಟಿವಿಯ ತುಂಬ ಕೌದಿ ಹಾಸಿದಂತೆ ಬಣ್ಣಬಣ್ಣದ ಚೌಕಗಳು ಬಂದವು.

ಇದಕ್ಕೆ ಮದ್ದು ಆ ಕಾಲದ ಹುಡುಗರಿಗೆಲ್ಲ ಗೊತ್ತಿದ್ದದ್ದೇ: ಕ್ಯಾಸೆಟ್ಟಿನ ಬಾಯಿಗೆ ಊದಬೇಕು. ಕಾಶಿನಾಥ ಗಲ್ಲ ಉಬ್ಬಿಸಿ ಊದಿದ. ಮತ್ತೆ ಕೌದಿ. ಬಾಜೂ ಮನೆಯ ಶಿದ್ರಾಮ ಕಾಕಾ ಬಂದ. ಭಜನೆ ಮೇಳದಲ್ಲಿ ಕೊಳಲು ನುಡಿಸುವವನು. “ನಿನಗ ದಮ್ಮಿಲ್ಲೋ ತಮ್ಮಾ, ತಾ ಇಲ್ಲೆ,” ಎಂದು ಕಸಿದುಕೊಂಡು ಊದಿದ. ಬಾಯಲ್ಲಿ ಎಲೆಯಡಿಕೆ ಇದ್ದದ್ದು ಅವನಿಗೆ ನೆನಪಾದದ್ದು ಊದಿದ ಮೇಲೆ. ಕ್ಯಾಸೆಟ್ಟಿನ ಬಾಯೂ ಕೆಂಪಾಯಿತು.

ಉಮೇಶ ಬಿದ್ದು ಬಿದ್ದು ನಕ್ಕ. ಅವನು ಹಳೆಯ ಗೀರು ಹೋಗಲೆಂದು ತನ್ನ ಸಿಡಿಗೆ ಹಲ್ಲಿನ ಪೇಸ್ಟ್ ಹಚ್ಚಿ ತಿಕ್ಕಿ, ತೊಳೆದು, ಮಾಳಿಗೆಯ ಮೇಲೆ ಆರಲಿಟ್ಟು ಬಂದಿದ್ದ. ಅಲ್ಲೇ ಪಕ್ಕದ ಮನೆಯ ಲಕ್ಕವ್ವನ ಸಂಡಿಗೆಯೂ ಆರುತ್ತಿತ್ತು. ಹೊಳೆಯುವ ಸಿಡಿ ಕಂಡದ್ದೇ ಆಕೆ ನಡುವಿನ ತೂತಿಗೆ ದಾರ ಪೋಣಿಸಿ, ಹೊಲದಲ್ಲಿ ಹಕ್ಕಿ ಬೆದರಿಸಲು ಕಟ್ಟುವಂತೆ ಕಂಬಕ್ಕೆ ಕಟ್ಟಿಬಿಟ್ಟಳು. ಉಮೇಶ ನೋಡುವಷ್ಟರಲ್ಲಿ ಅದು ಗಾಳಿಗೆ ಸಿಮೆಂಟಿನ ಕಂಬಕ್ಕೆ ಉಜ್ಜಿ ಉಜ್ಜಿ ಮೈತುಂಬ ಗೀರಾಗಿತ್ತು.

“ನನಗೇನ್ ಗೊತ್ತಪಾ? ಕಾಗಿ ಮಾತ್ರ ಒಂದೂ ಬರಲಿಲ್ಲ ನೋಡು,” ಎಂದಳು ಲಕ್ಕವ್ವ.

ಒಳಗೆ ಹಾಕಿದರೆ ಸಿಡಿ ಗರಗರ ತಿರುಗಿತೇ ಹೊರತು ಆಟ ಬರಲಿಲ್ಲ.

ಓಣಿಯ ತುದಿಯಲ್ಲಿ ಗುಜರಿಯವನ ಕೂಗು ಕೇಳಿತು. ಕಾಶಿನಾಥ ಕ್ಯಾಸೆಟ್ಟನ್ನು ಸ್ಪಿರಿಟ್ಟಿನಿಂದ ಒರೆಸಿ, ಅಪ್ಪನನ್ನು ನೆನೆದು, ಕೊನೆಯದೊಂದು ಸಲ ಊದಿ ಸಿಗಿಸಿದ. ಪುಟ್ಟ ಕುದುರೆ ಸವಾರನೊಬ್ಬ ಟಿವಿಯಲ್ಲಿ ಬೇಲಿ ಹಾರಿದ. ಕಾಶಿನಾಥನಿಗೆ ಕಣ್ಣಲ್ಲಿ ನೀರೇ ಬಂತು. ಉಮೇಶನ ಗೇಮು ಗಾಡಿ ಏರಿತು.

“ತಾ, ಏನೈತಿ ಇದರಾಗ ನೋಡ್ತೇನಿ,” ಎಂದು ಪಾರವ್ವ ರಿಮೋಟು ಇಸಿದುಕೊಂಡಳು. ಸವಾರ ಬಿದ್ದ. ಸಿಟ್ಟಿಗೆದ್ದು ಮತ್ತೆ ಆಡಿದಳು. ಆಮೇಲೆ ಲಕ್ಕವ್ವನ ಪಾಳಿ, ಆಮೇಲೆ ಶಿದ್ರಾಮ ಕಾಕಾನದು, ತಿರುಗಿ ಪಾರವ್ವನದು. ಸಂಜೆಯಾದರೂ ಕಾಶಿನಾಥನ ಕೈಗೆ ರಿಮೋಟು ಬರಲಿಲ್ಲ. ಆದರೆ ಐದು ನಿಮಿಷಕ್ಕೊಮ್ಮೆ ಆಟ ನಿಲ್ಲುತ್ತಿತ್ತು. ಆಗ ಎಲ್ಲರಿಗೂ ಅವನ ನೆನಪಾಗುತ್ತಿತ್ತು.

“ಕಾಶೀ, ನಿಂತೈತಿ. ಊದು.”

ಊದಿ ಊದಿ ಅವನ ಗಲ್ಲಗಳು ನೋಯುತ್ತಿದ್ದವು. ಉಮೇಶ ಬಾಗಿಲಿಗೆ ಒರಗಿ ನಿಧಾನಕ್ಕೆ ಚಹಾ ಹೀರಿದ.

“ಏನ ಅನ್ನು ಅಣ್ಣಾ, ಸಿಡಿಗೆ ಊದೂ ಕೆಲಸ ಇರಲಿಲ್ಲ.”

ಉತ್ತರ ಕೊಡಲು ಕಾಶಿನಾಥನ ಬಾಯಿ ಖಾಲಿ ಇರಲಿಲ್ಲ.