ಎರಡು ಬೈಕು, ಒಂದು ಏರು

ಈ ದೀಪಾವಳಿಯೊಳಗೆ ದೊಡ್ಡ ಬೈಕು ತೆಗೆದುಕೊಂಡೇ ತೀರುತ್ತೇನೆ ಎಂದು ಇಳಕಲ್ಲಿನ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ತಿದ್ದದ ಉತ್ತರ ಪತ್ರಿಕೆಗಳ ಕಟ್ಟು ಹಿಡಿದು ಘೋಷಿಸಿಬಿಟ್ಟೆ. ದೊಡ್ಡದು ಅಂದರೆ ನಾಲ್ಕು ನೂರು ಸಿಸಿ! ಹತ್ತೊಂಬತ್ತು ವರ್ಷ ನೂರು ಸಿಸಿಯ ಬಡಪಾಯಿ ಗಾಡಿಯ ಮೇಲೆ ಓಡಾಡಿದ ಈ ಶಿವಪ್ರಕಾಶ ಮಾಸ್ತರ ಇನ್ನು ರಸ್ತೆಗಿಳಿದರೆ ಹುನಗುಂದದವರೆಗೂ ಸದ್ದು ಕೇಳಬೇಕು! ಗಣಿತ ಕಲಿಸುವವನು ನಾನು. ನಾಲ್ಕು ನೂರನ್ನು ನೂರರಿಂದ ಭಾಗಿಸಿದರೆ ನನ್ನ ಮರ್ಯಾದೆ ಎಷ್ಟು ಪಟ್ಟು ಏರುತ್ತದೆಂದು ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಆದರೆ ಯಾವುದು? ಪೇಟೆಯಲ್ಲಿ ಈಗ ಎರಡು ಜಾತಿ. ಒಂದು ರೆಟ್ರೊ. ಒಳಗೆಲ್ಲ ಹೊಸತು, ಹೊರಗೆ ಅಜ್ಜನ ಕಾಲದ ವೇಷ. ದುಂಡನೆಯ ದೀಪ, ಉಬ್ಬಿದ ಟ್ಯಾಂಕು, ಅಗಲವಾದ ಸೀಟು, ಊರ ಗೌಡರು ಉಂಡು ಅಡ್ಡಾಡಲು ಹೊರಟ ಗತ್ತು. ಇನ್ನೊಂದು ಸ್ಪೋರ್ಟಿ. ಮೈಯೆಲ್ಲ ಚೂಪು. ನಿಂತಲ್ಲೇ ಓಡಿದಂತೆ ಕಾಣುತ್ತದೆ. ಓಡಿಸುವವನು ಮುಂದಕ್ಕೆ ಬಾಗಬೇಕು, ಹಿಂದಿನವರು ಅಟ್ಟ ಹತ್ತಿದಂತೆ ಮೇಲೆ ಕೂಡಬೇಕು.

ನಮ್ಮ ದೈಹಿಕ ಶಿಕ್ಷಕ ಪ್ರವೀಣಕುಮಾರನ ಬಳಿ ನೀಲಿ ಬಣ್ಣದ ಸ್ಪೋರ್ಟಿ ಇತ್ತು. ಅದನ್ನು ಹತ್ತಿದರೆ ವಯಸ್ಸು ಇಪ್ಪತ್ತು ವರ್ಷ ಇಳಿಯುತ್ತದೆ ಎಂದು ಅವನು ದಿನಾ ನನ್ನ ಕಿವಿ ಊದುತ್ತಿದ್ದ. ಗ್ರ್ಯಾನೈಟ್ ಪಾಲಿಶ್ ಮಾಡಿಸುವ ನನ್ನ ಬಾಲ್ಯದ ಗೆಳೆಯ ಅರ್ಷದನ ಬಳಿ ಕಪ್ಪು ರೆಟ್ರೊ. ಅವನದು ಒಂದೇ ಮಾತು.

“ಲೇ, ನಿನ್ನ ಹೊಟ್ಟಿ ನೋಡ್ಕೋ. ಆ ಗಾಡಿ ಮ್ಯಾಲ ಬಗ್ಗಿದ್ರ ನೀ ಹಿಂದ ಕೂಡ್ತಿ, ಅದು ಟ್ಯಾಂಕ್ ಮ್ಯಾಲ ಕೂಡ್ತೈತಿ.”

ನನ್ನ ಬೆನ್ನು ಅರ್ಷದನ ಪಕ್ಷ, ಮನಸ್ಸು ಪ್ರವೀಣಕುಮಾರನ ಪಕ್ಷ. ಕೊನೆಗೆ ಎರಡು ಹಾಳೆಯ ಕೋಷ್ಟಕ ಮಾಡಿದೆ. ಶಕ್ತಿ, ತೂಕ, ಸೀಟಿನ ಎತ್ತರ, ಮೈಲೇಜು ಎಲ್ಲ ತುಂಬಿ, ಕೆಂಪು ಮಸಿಯಲ್ಲಿ ಅಂಕವನ್ನೂ ಕೊಟ್ಟು ಹೆಂಡತಿಯ ಮುಂದೆ ಹಿಡಿದೆ.

ನನ್ನ ಹೆಂಡತಿ ಶೀಲಾ ಬಾದಾಮಿಯವಳು. ಇಳಕಲ್ ಸೀರೆಗಳಿಗೆ ಗೊಂಡೆ ಕಟ್ಟುವುದರಲ್ಲಿ ಎತ್ತಿದ ಕೈ. ನಾನು ಓದುತ್ತಿದ್ದಷ್ಟು ಹೊತ್ತೂ ತಲೆ ಎತ್ತದೆ ಗಂಟು ಹಾಕುತ್ತಲೇ ಇದ್ದಳು. ಹಾಳೆ ಮುಗಿಯಿತು, ಗೊಂಡೆಯೂ ಮುಗಿಯಿತು.

“ಇದರಾಗ ನನ್ನ ಏರ ಎಲ್ಲೈತ್ರಿ?” ಎಂದಳು.

ಇದಕ್ಕೆ ಹಿನ್ನೆಲೆ ಇದೆ. ಇಳಕಲ್ಲಿನಿಂದ ಬಾದಾಮಿಗೆ ಹೋಗುವಾಗ ಗುಡೂರು ದಾಟಿದ ಮೇಲೆ ಒಂದು ಏರು ಬರುತ್ತದೆ. ನಮ್ಮ ನೂರು ಸಿಸಿಗೆ ಅದು ಹಿಮಾಲಯ! ಪ್ರತಿ ಸಲ ಏರಿನ ಬುಡದಲ್ಲಿ ಗಾಡಿ ನಿಲ್ಲಿಸಿ, “ಶೀಲಾ, ಒಂಚೂರು ಇಳಿ” ಎನ್ನುತ್ತಿದ್ದೆ. ಅವಳು ಇಳಿದು, ಸೀರೆಯ ನಿರಿಗೆ ಎತ್ತಿ ಹಿಡಿದು ನಡೆದು ಹತ್ತುವಳು. ನಾನು ಮೇಲೆ ಬೇವಿನ ಗಿಡದ ಕೆಳಗೆ ಕಾಯುವೆ. ಮದುವೆಯಾದ ಹೊಸತರಲ್ಲಿ ಇಳಿದಳು, ಬಸುರಿದ್ದಾಗ ಇಳಿದಳು, ಕಂಕುಳಲ್ಲಿ ಮಗಳನ್ನು ಹೊತ್ತು ಇಳಿದಳು. ಒಂದು ದಿನವೂ ಬೈಯಲಿಲ್ಲ. ಎಲ್ಲವನ್ನೂ ಕೂಡಿಡುತ್ತಿದ್ದಳೆಂದು ನನಗೆ ಗೊತ್ತಾದದ್ದು ಅವತ್ತೇ.

“ಬುಡದಾಗ ನನ್ನ ಇಳಸದ ಏರ ಹತ್ತಸೋ ಗಾಡಿ ಯಾವುದೈತಿ, ಅದನ್ನ ತಗೋರಿ. ಎರಡೂ ಹತ್ತಸಿದ್ವು ಅಂದ್ರ ನಿಮಗ ಬೇಕಾದ್ದು ತಗೋರಿ. ಎರಡೂ ಹತ್ತಸಲಿಲ್ಲ ಅಂದ್ರ ಈ ಮನ್ಯಾಗ ಬೈಕಿನ ಸುದ್ದಿ ಬ್ಯಾಡ.”

ನಗು ತಡೆಯಲು ತುಟಿ ಕಚ್ಚಿಕೊಂಡೆ. ನಾಲ್ಕು ನೂರು ಸಿಸಿಗೆ ಈ ಪರೀಕ್ಷೆಯೇ? ಪಿಎಚ್‌ಡಿ ಮಾಡಿದವನಿಗೆ ಎರಡರ ಮಗ್ಗಿ ಕೇಳಿದಂತಾಯಿತು!

ಅವಕಾಶ ತಾನಾಗಿ ಬಂತು. ಶೀಲಾಳ ತಂಗಿ ನಾಗರತ್ನಾ ಏಳು ತಿಂಗಳ ಬಸುರಿ. ಬಾದಾಮಿಯ ತವರಿನಲ್ಲಿ ಭಾನುವಾರ ಹನ್ನೊಂದೂವರೆಗೆ ಕುಬುಸದ ಶಾಸ್ತ್ರ. ಬಸುರಿಗೆ ಉಡಿಸುವ ಹಸಿರು ಇಳಕಲ್ ಸೀರೆ ಅಕ್ಕನೇ ಒಯ್ಯಬೇಕು. ಅವತ್ತೇ ಮಧ್ಯಾಹ್ನ ಅರ್ಷದನಿಗೂ ಬಾದಾಮಿಯಲ್ಲಿ ಯಾರದೋ ಮನೆಯ ನೆಲಹಾಸಿನ ಕಲ್ಲಿನ ಅಳತೆ ತೆಗೆಯುವುದಿತ್ತು. ಸರಿ, ಹೋಗುವಾಗ ಪ್ರವೀಣಕುಮಾರನ ಸ್ಪೋರ್ಟಿ, ಬರುವಾಗ ಅರ್ಷದನ ರೆಟ್ರೊ ಎಂದು ನಿಶ್ಚಯವಾಯಿತು.

ಭಾನುವಾರ ಬೆಳಿಗ್ಗೆ ನಾನು ಪ್ರವೀಣಕುಮಾರನ ರೈಡಿಂಗ್ ಜಾಕೆಟ್ಟನ್ನೂ ತೊಟ್ಟೆ. ಹೆಗಲಿಗೆ, ಬೆನ್ನಿಗೆ, ಮೊಣಕೈಗೆ ದಪ್ಪ ಪ್ಯಾಡು. ಕನ್ನಡಿಯಲ್ಲಿ ನೋಡಿಕೊಂಡರೆ ಯುದ್ಧಕ್ಕೆ ಹೊರಟ ದಂಡನಾಯಕ! ಶೀಲಾ ರೇಷ್ಮೆ ಸೆರಗಿನ ಸೀರೆಯುಟ್ಟು, ತಲೆಗೆ ಹೆಲ್ಮೆಟ್ ಹಾಕಿ, ಸೀರೆಯ ಚೀಲ ಹಿಡಿದು ಆ ಅಟ್ಟದಂಥ ಸೀಟನ್ನು ನೋಡುತ್ತ ನಿಂತಳು. ತನ್ನ ಫೋನು ಬಿದ್ದೀತೆಂದು ನನ್ನ ಜಾಕೆಟ್ಟಿನ ಜೇಬಿಗೆ ಹಾಕಿದಳು. ಪಕ್ಕದ ಮನೆಯ ಕಟ್ಟೆಯ ಸಹಾಯದಿಂದ ಹತ್ತಿ ಒಂದು ಮಗ್ಗುಲಾಗಿ ಕುಳಿತಳು. ನನ್ನ ಹೆಗಲು ಪ್ಯಾಡಿನಿಂದ ಜಾರುತ್ತದೆಂದು ಸೀಟಿನ ಪಟ್ಟಿಯನ್ನೇ ಗಟ್ಟಿಯಾಗಿ ಹಿಡಿದಳು.

ಆಹಾ, ಆ ಗಾಡಿ! ಎಕ್ಸಿಲೇಟರ್ ಮುಟ್ಟಿದರೆ ಸಾಕು, ಊರೇ ಹಿಂದಕ್ಕೆ ಓಡುತ್ತದೆ. ಗುಡೂರು ಯಾವಾಗ ಬಂತು, ಯಾವಾಗ ಹೋಯಿತು ತಿಳಿಯಲಿಲ್ಲ. ಏರಿನ ಬುಡಕ್ಕೆ ಬಂದಾಗ ಮಾತ್ರ ಒಂದು ಕುರಿ ಹಿಂಡು ರಸ್ತೆಗೆ ಅಡ್ಡ ಬಂತು. ನಿಲ್ಲಿಸಿದೆ. ಒಂದು ನಿಮಿಷವಾಗಿರಬಹುದು. ಕೊನೆಯ ಕುರಿ ದಾಟಿದ್ದೇ ತಡ, ಪರೀಕ್ಷೆಯ ಗಂಟೆ ಬಾರಿಸಿದಂತೆ ಗೇರ್ ಹಾಕಿ ಬಿಟ್ಟೆ ನೋಡಿ!

ಗಾಡಿ ಹತ್ತಲಿಲ್ಲ, ಹಾರಿತು! ಏರೆಂಬುದು ಅಲ್ಲಿತ್ತೇ ಎಂಬ ಅನುಮಾನ ಬಂತು. ನನ್ನ ಕಣ್ಣಲ್ಲಿ ಆನಂದದ ನೀರು. ಹೆಲ್ಮೆಟ್ಟಿನೊಳಗಿಂದಲೇ ಕೂಗಿದೆ.

“ಶೀಲಾ, ನೋಡಿದೇನು? ನೀ ಕುಂತದ್ದ ಗೊತ್ತಾಗವಲ್ದು!”

ಅವಳು ಏನೂ ಅನ್ನಲಿಲ್ಲ. ಮೌನವೇ ಸಮ್ಮತಿ. ನಾನು ಮಾತು ಮುಂದುವರಿಸಿದೆ. ಟಾರ್ಕ್ ಎಂದರೇನು, ಎರಡು ಸಿಲಿಂಡರಿನ ಮಹಿಮೆ ಏನು, ಈ ಗಾಡಿಯ ಮೇಲೆ ಅವಳನ್ನು ಗೋವಾಕ್ಕೂ ಒಯ್ಯುವೆನೆಂಬುದು, ಹೀಗೆ ಮೂವತ್ತು ಕಿಲೋಮೀಟರ್ ವಿವರಿಸಿದೆ. ನನ್ನ ಮಾತನ್ನು ಶೀಲಾ ಇಷ್ಟು ಹೊತ್ತು ನಡುವೆ ಬಾಯಿ ಹಾಕದೆ ಕೇಳಿದ್ದು ಹತ್ತೊಂಬತ್ತು ವರ್ಷಗಳಲ್ಲೇ ಮೊದಲು. ಅಲ್ಲಿಯೇ ನನಗೆ ಸಂಶಯ ಬರಬೇಕಿತ್ತು.

ಬಾದಾಮಿಯ ಮಾವನ ಮನೆಯ ಮುಂದೆ ಹೆಣ್ಣುಮಕ್ಕಳೆಲ್ಲ ನೆರೆದಿದ್ದರು. ಎರಡು ಸಲ ಸುಮ್ಮನೆ ಎಕ್ಸಿಲೇಟರ್ ತಿರುವಿ, ಎಲ್ಲರೂ ತಿರುಗಿ ನೋಡಿದ ಮೇಲೆ ನಿಲ್ಲಿಸಿದೆ. ಹಿಂದೆ ತಿರುಗದೆಯೇ ಗತ್ತಿನಿಂದ ಹೇಳಿದೆ, ಸಾವಕಾಶ ಇಳಿ, ಸೀಟು ಎತ್ತರ ಐತಿ ಅಂತ.

ಅತ್ತೆ ಸಂಗವ್ವ ಆರತಿ ತಟ್ಟೆ ಹಿಡಿದು ಹತ್ತಿರ ಬಂದು ನನ್ನ ಮುಖವನ್ನೇ ನೋಡಿದರು.

“ಅಳಿಯಂದ್ರ, ಯಾರ ಜೋಡಿ ಮಾತಾಡಾಕ ಹತ್ತೀರಿ?”

ತಿರುಗಿದೆ. ಸೀಟು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅಷ್ಟೇ!

ಬಿದ್ದಳೇ? ಎಲ್ಲಿ? ಯಾವಾಗ? ಫೋನ್ ಮಾಡೋಣವೆಂದರೆ ಅವಳ ಫೋನು ನನ್ನ ಜೇಬಿನಲ್ಲೇ ಇದೆ. ಅತ್ತೆಗೆ ಏನು ಹೇಳಿದೆನೋ ನೆನಪಿಲ್ಲ, ಗಾಡಿ ತಿರುಗಿಸಿ ಬಂದ ದಾರಿಯಲ್ಲೇ ಬಿಟ್ಟೆ. ಪ್ರತಿ ತಗ್ಗು, ಪ್ರತಿ ಗಿಡ, ಪ್ರತಿ ಮೋರಿ ನೋಡುತ್ತ ಹೋದೆ. ನಡುವೆ ಬಾದಾಮಿ ಬಸ್ಸೊಂದು ಎದುರಿಗೆ ಬಂತು. ಅದರ ಕಿಟಕಿಯಿಂದ ಯಾರದೋ ಕೈ ಹೊರಬಂದು ಜೋರಾಗಿ ಬೀಸಿತು. ಹೆಂಡತಿ ಕಳೆದುಹೋದ ಹೊತ್ತಿನಲ್ಲೂ ಜನಕ್ಕೆ ಬೈಕಿನ ಚಂದ ನೋಡುವ ಹುಚ್ಚು ಎಂದು ಬೈದುಕೊಂಡು ಮುಂದೆ ಹೋದೆ.

ಏರಿನ ನೆತ್ತಿಯ ಬೇವಿನ ಕೆಳಗೆ ಗಾಳೆಪ್ಪನೆಂಬ ಕುರಿ ಕಾಯುವವನು ಬುತ್ತಿ ಬಿಚ್ಚಿದ್ದ. ಒಬ್ಬ ಹೆಣ್ಣುಮಗಳನ್ನು ಕಂಡೆಯಾ ಎಂದು ಕೇಳಿದೆ.

“ಹೆಲ್ಮೆಟ್ ಹಾಕ್ಕೊಂಡು ನಡಕೋತ ಏರಿ ಬಂದ್ಲರಿ ಒಬ್ಬಾಕಿ. ಎಲ್ಲಿಗ್ಯವಾ ಅಂದ್ನಿ. ಇಲ್ಲೇ ಗಿಡದ ಬುಡಕ ಗಂಡ ಕಾಯ್ತಿರ್ತಾನ ಅಂದ್ಲು. ಗಿಡದ ಬುಡಕ ನಾನ ಇದ್ನಿ, ಗಂಡ ಇರಲಿಲ್ಲ. ಭಾಳೊತ್ತು ಕುಂತ್ಲು. ಆಮ್ಯಾಲೆ ಬಸ್ ಬಂತು, ಕೈ ಮಾಡಿ ಹತ್ತಿ ಹೋದ್ಲು.”

ಆಗ ಎಲ್ಲ ತಿಳಿಯಿತು. ಏರಿನ ಬುಡದಲ್ಲಿ ನಾನು ಗಾಡಿ ನಿಲ್ಲಿಸಿದೆ. ಹತ್ತೊಂಬತ್ತು ವರ್ಷದ ರೂಢಿ, ಅವಳು ಇಳಿದಳು. ನಾಲ್ಕು ನೂರು ಸಿಸಿಯ ಬಲಶಾಲಿ ಗಾಡಿ ಅದ್ಭುತವಾಗಿ ಏರಿಸಿದ್ದು ನನ್ನೊಬ್ಬನನ್ನು! ಬಸ್ಸಿನ ಕಿಟಕಿಯ ಆ ಕೈ ಯಾರದೆಂದೂ ಹೊಳೆಯಿತು.

ಮತ್ತೆ ಬಾದಾಮಿ ಮುಟ್ಟಿದಾಗ ಹನ್ನೆರಡು ಹೊಡೆದಿತ್ತು. ಬಸ್ಸು ವೇಳೆಗೆ ಸರಿಯಾಗಿ ತಲುಪಿಸಿತ್ತು. ನಾಗರತ್ನಾ ಹಸಿರು ಸೀರೆಯುಟ್ಟು ನಗುತ್ತ ಕೂತಿದ್ದಳು. ನಾನು ಒಳಗೆ ಕಾಲಿಟ್ಟೊಡನೆ ಸೋಬಾನೆ ಪದ ಹಾಡುತ್ತಿದ್ದ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಿಡಿದರು. ಪದ ಅರ್ಧಕ್ಕೇ ನಿಂತಿತು. ಊಟಕ್ಕೆ ಕೂತಾಗ ಅತ್ತೆ ನನ್ನ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ, ಖಾಲಿ ಇರಲಿ ಬಿಡ್ರಿ, ಅಳಿಯಂದ್ರು ಮಾತಾಡ್ಕೋತ ಉಣ್ಣಲಿ ಎಂದರು.

ಶೀಲಾ ಸಿಕ್ಕಿದ್ದು ಹಿತ್ತಿಲಲ್ಲಿ. ತಪ್ಪಾಯಿತು ಎಂದೆ. ಹಾಗೆಂದವನು ಸುಮ್ಮನಿರಬೇಕೋ ಬೇಡವೋ? ಗಾಡಿಯದೇನೂ ತಪ್ಪಿಲ್ಲ, ನೀನೇ ಇಳಿದೆಯಲ್ಲ ಎಂದೂ ಸೇರಿಸಿದೆ.

“ಇಳದ್ನಿ, ಖರೆ. ಹಳೀ ಗಾಡಿ ಮ್ಯಾಲಿಂದ ನಾ ಇಳದ್ರ ನಿಮಗ ಗೊತ್ತಾಗ್ತಿತ್ತು. ಇದರ ಮ್ಯಾಲ ನಾ ಇದ್ರೂ ಅಷ್ಟ, ಬಿಟ್ರೂ ಅಷ್ಟ.”

ನಾಚಿಕೆಯಾಯಿತು. ಅವಳು ಅಷ್ಟು ಹೇಳಿ ಪಾತ್ರೆ ತೊಳೆಯಲು ಕೂತಳು.

ಮೂರು ಗಂಟೆಗೆ ಅರ್ಷದ ಬಂದ. ವಿಷಯ ಕೇಳಿ ರಸ್ತೆಯ ಬದಿಯ ಕಟ್ಟೆ ಹಿಡಿದು ಕೂತು ನಕ್ಕ. ಆಮೇಲೆ ಸ್ಪೋರ್ಟಿ ತೆಗೆದುಕೊಂಡು ಹೊರಟುಹೋದ. ನನಗೆ ಉಳಿದದ್ದು ಅವನ ಕಪ್ಪು ರೆಟ್ರೊ, ಮತ್ತು ಕೊನೆಯ ಅವಕಾಶ. ಆ ಗುಡ್ಡಕ್ಕೆ ಈ ಮಗ್ಗುಲಿನಿಂದಲೂ ಏರು ಇದೆಯಲ್ಲ!

ಈ ಸಲ ಜಾಕೆಟ್ ಕಳಚಿ ಹಿಂದೆ ಕಟ್ಟಿದೆ. ಶೀಲಾ ಅಗಲವಾದ ಸೀಟಿನ ಮೇಲೆ ಕೂತು ನನ್ನ ಹೆಗಲ ಮೇಲೆ ಕೈಯಿಟ್ಟಳು. ಗಾಡಿ ಡುಗುಡುಗು ಎನ್ನುತ್ತ ಹೊರಟಿತು. ಕಿಲೋಮೀಟರಿಗೊಮ್ಮೆ, ಇದ್ದೀಯಾ ಎಂದು ಕೇಳಿದೆ. ಇದ್ದೇನಿ ಎಂದಳು. ಏರು ಬಂದಾಗ, ಇಳಿಯಬೇಡ ಎಂದು ಮೂರು ಸಲ ಹೇಳಿ ಹತ್ತಿಸತೊಡಗಿದೆ. ಗಾಡಿ ಉಸಿರು ಕೂಡ ಎಳೆಯದೆ ಏರುತ್ತಿತ್ತು. ಅರ್ಧ ಏರಿದಾಗ ಹೆಗಲ ಮೇಲಿನ ಕೈ ಇಲ್ಲ!

“ಶೀಲಾ, ಇದ್ದೀ ಏನು?”

ಉತ್ತರವಿಲ್ಲ. ಬ್ರೇಕ್ ಒತ್ತಿ, ಎರಡೂ ಕಾಲು ಊರಿ, ಕುತ್ತಿಗೆ ಉಳುಕುವಂತೆ ಹಿಂದೆ ತಿರುಗಿದೆ. ಶೀಲಾ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಹಾಯಾಗಿ ಕೂತಿದ್ದಳು.

“ಸುಮ್ಮನ ನೋಡಿದ್ನಿ. ಮುಂಜಾನೆ ಮೂವತ್ತು ಕಿಲೋಮೀಟರಿಗೂ ಗೊತ್ತಾಗಲಿಲ್ಲ, ಈಗ ಮೂರು ಮಾರು ದೂರಕ್ಕ ಗೊತ್ತಾತು. ಇದನ್ನ ತಗೋರಿ.”

ಗೆದ್ದೆ! ಆ ಏರಿನ ನಡುವೆಯೇ ಕುಣಿಯಬೇಕೆನ್ನಿಸಿತು. ಬಣ್ಣ ಕಪ್ಪೋ ಹಸಿರೋ, ಸೈಲೆನ್ಸರ್ ಎಂಥದ್ದು ಎಂದೆಲ್ಲ ಅಲ್ಲಿಯೇ ಶುರು ಮಾಡಿದೆ. ಶೀಲಾ ತಡೆದಳು. ಕಾಲು ಜೋಮು ಹಿಡಿದಿವೆ, ಒಂದು ನಿಮಿಷ ಇಳಿದು ನಿಲ್ಲುತ್ತೇನೆ ಎಂದಳು. ಅದಕ್ಕೇನು, ಇಳಿ ಎಂದೆ.

ಅವಳು ಇಳಿಯಲಿಲ್ಲ. ನನ್ನ ಹೆಗಲ ಮೇಲಿಂದ ಅಂಗೈ ಮುಂದೆ ಚಾಚಿದಳು.

“ಮೊದಲ ಕೀಲಿ ಕೊಡ್ರಿ.”

ಗಾಡಿ ಬಂದ್ ಮಾಡಿ ಕೊಟ್ಟೆ.