ವೈನಿಯ ಹಣೆ ಮತ್ತು ನನ್ನ ಹೀಲಿಂಗ್ ಬ್ರಷ್

ಸತ್ತವರನ್ನು ಚೆಂದ ಮಾಡುವುದು ನನ್ನ ಹಾಬಿಯಾಗಿತ್ತು ಎಂದರೆ ನೀವು ನನ್ನಿಂದ ಒಂದಿಷ್ಟು ದೂರ ಸರಿದು ಕೂರಬಹುದು. ಕೂರಿ, ನನಗೆ ಬೇಸರವಿಲ್ಲ. ನನ್ನ ಓರಗೆಯ ಹೆಂಗಸರು ಹೂಬತ್ತಿ ಹೊಸೆಯುತ್ತ, ಸೊಸೆಯರ ಮೇಲೆ ಹಲ್ಲು ಕಡಿಯುತ್ತ ಕೂತಿರುವಾಗ ನಾನು ಕಂಪ್ಯೂಟರಿನ ಮುಂದೆ ಕೂತು, ತೀರಿಹೋದ ಯಾರದೋ ಕಣ್ಣ ಕೆಳಗಿನ ಕಪ್ಪನ್ನು ಮೌಸಿನಿಂದ ಒರೆಸುತ್ತಿದ್ದೆ. ಒಬ್ಬೊಬ್ಬರಿಗೆ ಒಂದೊಂದು ಟೇಸ್ಟು.

ಇದು ಶುರುವಾದದ್ದು ನಾನು ಕಲಬುರ್ಗಿಯ ಕಾನ್ವೆಂಟ್ ಶಾಲೆಯಿಂದ ರಿಟೈರ್ ಆದಾಗ. ಬೀಳ್ಕೊಡುಗೆಗೆ ಬೆಳ್ಳಿಯ ದೀಪ ಕೊಡುವುದು ನಮ್ಮಲ್ಲಿ ಪದ್ಧತಿ. ನನಗೆ ದೀಪ ಬೇಡ, ಡಿಜಿಟಲ್ ಕ್ಯಾಮೆರಾ ಬೇಕು ಎಂದು ನಾಚಿಕೆ ಬಿಟ್ಟು ಕೇಳಿದೆ. ಈ ವಯಸ್ಸಿನಲ್ಲಿ ಏನನ್ನು ಶೂಟ್ ಮಾಡುತ್ತೀರಿ ಮಿಸ್ ಎಂದು ನಮ್ಮ ಹೆಡ್ ಸಿಸ್ಟರ್ ನಕ್ಕರು. ಮೂವತ್ತೈದು ವರ್ಷ ಸ್ಟಾಫ್‌ರೂಮಿನಲ್ಲಿ ಕಳೆದ, ಮದುವೆಯಾಗದ ಇಂಗ್ಲಿಷ್ ಟೀಚರಿಗೆ ಶೂಟ್ ಮಾಡಬೇಕೆನಿಸಿದವರ ಪಟ್ಟಿ ಉದ್ದವೇ ಇರುತ್ತದೆ. ನಾನು ತಗ್ಗಿದ ದನಿಯಲ್ಲಿ 'ಬರ್ಡ್ಸ್, ಸಿಸ್ಟರ್' ಎಂದೆ. ಮೊದಲ ಆರು ತಿಂಗಳು ಮಾತಿಗೆ ತಪ್ಪದೆ ಕೋಟೆಗೆ ಹೋಗಿ ಜಾಮಾ ಮಸೀದಿಯ ಕಮಾನುಗಳನ್ನೂ ಅವುಗಳ ಮೇಲಿನ ಪಾರಿವಾಳಗಳನ್ನೂ ತೆಗೆದೆ. ಕಮಾನುಗಳು ನಿಂತವು, ಪಾರಿವಾಳಗಳು ನಿಲ್ಲಲಿಲ್ಲ. ಆ ಫೋಟೋಗಳನ್ನು ನೋಡಲು ಯಾರೂ ಬರಲಿಲ್ಲ. ಆಮೇಲೆ ಪಕ್ಕದ ಮನೆಯವರು ತೀರಿಕೊಂಡರು. ಅವರದೆಂದು ಇದ್ದದ್ದು ಯಾರದೋ ಮದುವೆಯ ಗ್ರೂಪ್ ಫೋಟೋ ಒಂದೇ. ಅದನ್ನು ಸ್ಕ್ಯಾನ್ ಮಾಡಿ, ಗುಂಪಿನಿಂದ ಅವರೊಬ್ಬರನ್ನೇ ಕತ್ತರಿಸಿ ತೆಗೆದೆ. ಹೆಗಲ ಮೇಲೆ ಬೀಗರ ಕೈಯೊಂದು ಉಳಿದುಕೊಂಡಿತ್ತು. ಅದರ ಮೇಲೆ ಒಂದು ಶಾಲು ಹೊದಿಸಿದೆ. ಬದುಕಿದ್ದಾಗ ಆ ಮನುಷ್ಯನಿಗೆ ಯಾರೂ ಶಾಲು ಹೊದಿಸಿರಲಿಲ್ಲ. ಮನೆಯವರು ನೋಡಿ ಅತ್ತರು. ಅಲ್ಲಿಂದ ಸುದ್ದಿ ಹಬ್ಬಿತು.

ಕೆಲಸ ಕಲಿಸಿದವಳು ಶಬಾನಾ. ಶಾಲೆಯ ಕಂಪ್ಯೂಟರ್ ಟೀಚರ್. ಒಂದು ಕಾಲಕ್ಕೆ ನನ್ನ ಏಳನೇ ಕ್ಲಾಸಿನ ಸ್ಟೂಡೆಂಟ್. ಸ್ಪೆಲಿಂಗ್ ತಪ್ಪಿಗೆ ನಾನು ಕೊಟ್ಟ ಇಂಪೊಸಿಷನ್‌ಗಳನ್ನೆಲ್ಲ ಅವಳು ಮರೆತಿರಲಿಲ್ಲ. ವರ್ಕ್‌ಫ್ಲೋ ಎಂಬ ಹೊಸ ಪದವನ್ನು ನನ್ನಿಂದ ನೋಟ್‌ಬುಕ್ಕಿನಲ್ಲಿ ಬರೆಸಿದಳು. ಮೊದಲು ಕಾರ್ಡಿನಿಂದ ಕಂಪ್ಯೂಟರಿಗೆ. ಆಮೇಲೆ ಅದರದೊಂದು ಕಾಪಿ. ಆ ಕಾಪಿಯ ಮೇಲೆ ಮಾತ್ರ ಕೆಲಸ. ಅಂಚು ಕತ್ತರಿಸುವುದು, ಬೆಳಕು, ಬಣ್ಣ, ಕಲೆ ತೆಗೆಯುವುದು. ಕೊನೆಗೆ 'ಸೇವ್ ಆ್ಯಸ್' ಎಂದು ಒತ್ತಿ ಬೇರೆ ಹೆಸರಿಡುವುದು. “ಮಿಸ್, ಬರೇ ಸೇವ್ ನಕ್ಕೋ. ಬರೇ ಸೇವ್ ಒತ್ತಿದ್ರ ಹಳೇದು ಹೋಗಿಬಿಡ್ತದ ನೋಡ್ರಿ, ವಾಪಸ್ ಬರಂಗಿಲ್ಲ” ಎಂದು ಎಷ್ಟು ಸಲ ಹೇಳಿದಳೋ. ನಮ್ಮ ಸಿಸ್ಟರ್‌ಗಳು 'ಸೇವ್' ಎಂಬ ಪದವನ್ನು ಆತ್ಮಕ್ಕೆ ಮಾತ್ರ ಬಳಸುತ್ತಿದ್ದರು. ಉಳಿಸು ಎಂದು ಹೇಳಿದರೆ ಅಳಿಸುವ ಯಂತ್ರವೂ ಇರುತ್ತದೆಂದು ನನಗೆ ಯಾವ ಕಾನ್ವೆಂಟೂ ಕಲಿಸಿರಲಿಲ್ಲ.

ನನ್ನ ಕಂಪ್ಯೂಟರಿನಲ್ಲಿ ಎರಡು ಫೋಲ್ಡರ್ ಇದ್ದವು, 'ಲಿವಿಂಗ್' ಮತ್ತು 'ಲೇಟ್'. ಅಟೆಂಡೆನ್ಸ್ ರಿಜಿಸ್ಟರಿನಲ್ಲಿ ಗಂಟೆ ಹೊಡೆದ ಮೇಲೆ ಬಂದ ಹುಡುಗಿಯರ ಹೆಸರಿನ ಮುಂದೆ 'ಲೇಟ್' ಎಂದು ಬರೆದು ಬರೆದು ರೂಢಿಯಾದ ಕೈ ಇದು. ಈಗ ಹೋದವರ ಹೆಸರಿನ ಮುಂದೆ ಬರೆಯುವಾಗಲೂ ಅಷ್ಟೇ ಸಲೀಸಾಗಿ ಬರುತ್ತಿತ್ತು. ಹಳೆಯ ಫೋಟೋಗಳ ಶತ್ರು ಬೂಸು. ಟ್ರಂಕಿನಲ್ಲಿ ನಲವತ್ತು ವರ್ಷ ಇದ್ದದ್ದಕ್ಕೆ ಮುಖದ ತುಂಬ ಹಸಿರು ಹಸಿರು ಚುಕ್ಕೆ. ಅದಕ್ಕೆ ಔಷಧಿ 'ಹೀಲಿಂಗ್ ಬ್ರಷ್' ಎಂಬ ಒಂದು ಟೂಲು. ಚುಕ್ಕೆಯ ಮೇಲೆ ಇಟ್ಟು ಕ್ಲಿಕ್ ಎಂದರೆ ಸಾಕು, ಅಕ್ಕಪಕ್ಕದ ಚರ್ಮವನ್ನು ನೋಡಿ ಅದರಂತೆಯೇ ಹೊಸ ಚರ್ಮ ಕೂರಿಸಿಬಿಡುತ್ತದೆ. ಎಂಥ ಕರುಣಾಮಯಿ ಹೆಸರು! ನಾನು ಅದನ್ನು ಹಿಡಿದು ಸಿಡುಬಿನ ಕುಳಿ ಮುಚ್ಚಿದೆ, ನರಹುಲಿ ತೆಗೆದೆ. ಹೆಂಡತಿಯ ಜೊತೆ ಮೂವತ್ತು ವರ್ಷ ಮಾತು ಬಿಟ್ಟವರೊಬ್ಬರ ಹುಬ್ಬಿನ ಗಂಟನ್ನೂ ಸಡಿಲಿಸಿದೆ. ಯಾರೂ ದೂರಲಿಲ್ಲ. ದೂರಬೇಕಾದವರು ದೂರುವ ಸ್ಥಿತಿಯಲ್ಲಿರಲಿಲ್ಲ.

ಹೀಗಿರುವಾಗ ಕಮಲಾಪುರದಿಂದ ವಿಜಯಾ ಫೋನ್ ಮಾಡಿದಳು. ವಿಜಯಾ ನನ್ನ ಅಣ್ಣನ ಸೊಸೆ. ಅಣ್ಣ ಹೋಗಿ ಆಗಲೇ ಐವತ್ತು ವರ್ಷ ಸಮೀಪಿಸಿತ್ತು. ಅವನ ಹೆಂಡತಿ, ನಮ್ಮ ವೈನಿ, ಮಗ ಸೊಸೆಯ ಜೊತೆ ಅಲ್ಲಿದ್ದಳು. ವೈನಿಯ ಹಾರ್ಟ್ ಸೋತಿದೆ ಎಂದೂ, ಮನೆಗೆ ಕರೆದುಕೊಂಡು ಹೋಗಿ ಬೇಕಾದದ್ದು ಮಾಡಿ ಹಾಕಿ ಎಂದು ಡಾಕ್ಟರು ಕಳಿಸಿದರೆಂದೂ ಹೇಳಿದಳು. ಆ ಮಾತಿನ ಅರ್ಥ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಆಮೇಲೆ, “ಅತ್ಯಾ, ಅವರದೊಂದು ಛಲೋ ಫೋಟೋ ಇಲ್ಲ ನಮ್ಮನ್ಯಾಗ” ಎಂದಳು. ನಾನು ಕ್ಯಾಮೆರಾ ತೆಗೆದುಕೊಂಡು ಬಸ್ ಹತ್ತಿದೆ.

ವೈನಿ ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ತಿನ್ನಲಾರದ ಒಂದು ಕೆಂಪು ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ಕೂತಿದ್ದಳು. ನನ್ನ ಕೊರಳಿನ ಕ್ಯಾಮೆರಾ ನೋಡಿ, “ಗ್ವಾಡಿಗೆ ಹಾಕೋ ಫೋಟೋ ಏನ, ಕುಸುಮಿ?” ಎಂದಳು.

ನಾನು ತಡಬಡಿಸಿ, ಇಲ್ಲ ವೈನಿ, ಕ್ಯಾಜುವಲ್ ಎಂದೆ. ಕ್ಯಾಜುವಲ್ ಅಂದರೇನೆಂದು ಕೇಳಿದಳು. ಸುಮ್ಮನೆ ಎಂದರ್ಥ ಎಂದೆ.

“ಸುಮ್ಮನ ಯಾರೂ ಕಲಬುರ್ಗಿಯಿಂದ ಬಸ್ ಹತ್ತಿ ಬರೂದಿಲ್ಲವಾ. ತಗಿ. ನನ್ನ ಮಾರಿ ಇದ್ಹಾಂಗ ಬಂದ್ರ ಸಾಕು. ನಿಮ್ಮ ಅಣ್ಣ ಹೋದಾಗಿಂದ ನನಗ ಯಾರೂ ಫೋಟೋಕ್ಕ ನಿಂದರು ಅಂದಿಲ್ಲ.”

ಅದು ನಿಜ. ಮನೆಯ ಎಲ್ಲ ಮದುವೆ ಮುಂಜಿವೆಗಳ ಆಲ್ಬಮ್‌ಗಳಲ್ಲಿ ವೈನಿ ಮಾಡಿದ ಅಡುಗೆ ಇದೆ, ವೈನಿ ಇಲ್ಲ. ಫೋಟೋದವನು ಎಲ್ಲರೂ ಬರ್ರಿ ಎಂದು ಕೂಗುವಾಗ ಅವಳು ಒಲೆಯ ಮುಂದೆ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು. ಹನ್ನೊಂದು ಫೋಟೋ ತೆಗೆದೆ. ಹತ್ತರಲ್ಲಿ ಅವಳು ಕಣ್ಣು ಮುಚ್ಚಿದ್ದಳು. ಒಂದರಲ್ಲಿ ಮಾತ್ರ ಬಿಟ್ಟ ಕಣ್ಣಿನಿಂದ ನೇರ ನನ್ನನ್ನೇ ನೋಡಿದ್ದಳು, ಕುಸುಮಿಗೆ ಏನು ಬರುತ್ತದೋ ನೋಡೋಣ ಎಂಬಂತೆ.

ಮನೆಗೆ ಬಂದವಳೇ ಆ ಒಂದನ್ನು ಮಾತ್ರ ಕಂಪ್ಯೂಟರಿಗೆ ಹಾಕಿಕೊಂಡು ತೆರೆದೆ. ಅವಸರವಿತ್ತು, ಅವಸರ ಯಾಕೆಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕಾಪಿ ಮಾಡಿಕೊಳ್ಳಲಿಲ್ಲ. ಮುಖವನ್ನು ಮೂರು ನಾಲ್ಕು ಪಟ್ಟು ದೊಡ್ಡದು ಮಾಡಿದೆ. ಅಷ್ಟು ದೊಡ್ಡದಾದ ಮೇಲೆ ಅದು ಮುಖವಾಗಿ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವ ನಮ್ಮ ಕಡೆಯ ಹೊಲದ ಹಾಗೆ ಬರೀ ಬಿರುಕು, ದಿಬ್ಬ, ಕಲೆ. ಹೀಲಿಂಗ್ ಬ್ರಷ್ ಹಿಡಿದು ಎಡದಿಂದ ಬಲಕ್ಕೆ ಹೋದೆ. ಕೆನ್ನೆಯ ಮೇಲೆ ಒಂದು ಕಲೆ, ಕ್ಲಿಕ್. ಗಲ್ಲದ ಮೇಲೆ ಎರಡು, ಕ್ಲಿಕ್ ಕ್ಲಿಕ್. ಹಣೆಯ ಮೇಲೆ ಹಸಿರುಗಟ್ಟಿದ ಒಂದು ಚುಕ್ಕೆ. ಬೂಸು ತೆಗೆದು ಪಳಗಿದ ಕೈ, ಕೇಳಬೇಕೇ? ಕ್ಲಿಕ್. ಆಮೇಲೆ ಸೇವ್. ನನ್ನ ಕ್ಯಾಮೆರಾದ ಕಾರ್ಡಿನಲ್ಲಿ ಇಪ್ಪತ್ತು ಫೋಟೋಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಶಾಲೆಯ ಆ್ಯನ್ಯುಯಲ್ ಡೇಗೆ ಕ್ಯಾಮೆರಾ ಬೇಕೆಂದು ಕೇಳಿದ್ದರು. ಕಣ್ಣು ಮುಚ್ಚಿದ ಆ ಹತ್ತನ್ನೂ ಅಳಿಸಿ, ಕಾರ್ಡನ್ನು ಪೂರ್ತಿ ಖಾಲಿ ಮಾಡಿ, ಕಳಿಸಿಕೊಟ್ಟೆ. ಸೂಪರ್ ಮಾರ್ಕೆಟ್ಟಿನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಗಾಜಿನ ಕಟ್ಟು ಹಾಕಿಸಿ, ಸೀರೆಯಲ್ಲಿ ಸುತ್ತಿಕೊಂಡು ಮೂರನೆಯ ದಿನ ಮತ್ತೆ ಕಮಲಾಪುರಕ್ಕೆ ಹೋದೆ. ಬಸ್ಸಿನಲ್ಲಿ ನನ್ನ ಬಗ್ಗೆ ನನಗೇ ಒಂದಿಷ್ಟು ಹೆಮ್ಮೆಯಾಗಿತ್ತೆಂದು ಕೂಡ ಹೇಳಿಬಿಡುತ್ತೇನೆ.

ಮಗ ನೋಡಿ ಛಲೋ ಬಂದದ ಎಂದ. ವಿಜಯಾ, ಎಷ್ಟ ಕ್ಲೀನ್ ಬಂದದ ಅತ್ಯಾ ಎಂದಳು. ವೈನಿ ಹಾಸಿಗೆಯಲ್ಲಿದ್ದಳು. ಫೋಟೋವನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಗಾಜಿನ ಮೇಲೆ, ಹಣೆಯ ಜಾಗದಲ್ಲಿ ಹೆಬ್ಬೆರಳು ಇಟ್ಟು ಒಮ್ಮೆ ತಿಕ್ಕಿದಳು. ಗಾಜಿನ ಮೇಲೇನೂ ಇರಲಿಲ್ಲ.

“ನನ್ನ ಹಚ್ಚಿಬಟ್ಟು ಎಲ್ಲಿ?” ಎಂದಳು.

ನಾನು ಫೋಟೋ ನೋಡಿದೆ, ಅವಳ ಹಣೆ ನೋಡಿದೆ. ಹುಬ್ಬುಗಳ ನಡುವೆ, ಒಂದು ಕೂದಲೆಳೆ ಎಡಕ್ಕೆ, ಹಸಿರು ಹಚ್ಚೆಯ ಬೊಟ್ಟು. ಏಳು ವರ್ಷದವಳಿದ್ದಾಗ ತವರಿನ ಅಂಗಳದಲ್ಲಿ ಚುಚ್ಚಿಸಿದ್ದು. ಅತ್ತು ತಲೆ ಅಲ್ಲಾಡಿಸಿದ್ದಕ್ಕೆ ಎಡಕ್ಕೆ ಸರಿದದ್ದು. ಅರ್ಧ ಶತಮಾನ ನೋಡುತ್ತ ಬಂದದ್ದರಿಂದಲೇ ನಾನು ಅದನ್ನು ನೋಡುವುದನ್ನು ಬಿಟ್ಟಿದ್ದೆ.

“ಅವತ್ತ ಅವರಿಗೆ ಆಗಲಾರದ ಕೆಲಸ ನೀ ಮಾಡಿದಿ ನೋಡು, ಕುಸುಮಿ” ಎಂದಳು ವೈನಿ. ಸಿಟ್ಟಿನಿಂದಲ್ಲ. ಮಗುವಿಗೆ ಲೆಕ್ಕ ತಪ್ಪಿದೆ ಎಂದು ಹೇಳುವಂತೆ.

ಅವತ್ತು ಎಂದರೆ ಅಣ್ಣ ಹೋದ ಹತ್ತನೆಯ ದಿನ. ನನಗೆ ಹದಿನಾಲ್ಕು, ಹೈದರಾಬಾದಿನ ಬೋರ್ಡಿಂಗಿನಿಂದ ಕರೆಸಿದ್ದರು. ಹಿತ್ತಿಲಲ್ಲಿ ವೈನಿಯ ಬಳೆ ಒಡೆದು ಕುಂಕುಮ ಅಳಿಸಿದರು. ಅದರ ಕೆಳಗೆ ಈ ಹಸಿರು ಬೊಟ್ಟು ಕಂಡಿತು. ಹಿರಿಯಳೊಬ್ಬಳು ಹುಣಸೆಹಣ್ಣು ಮತ್ತು ಬೂದಿ ಹಾಕಿ ತಿಕ್ಕಿದಳು. ಚರ್ಮ ಕಿತ್ತು ರಕ್ತ ಬಂತು, ಬೊಟ್ಟು ಹೋಗಲಿಲ್ಲ. ಕೊನೆಗೆ ಸಾಕು ಬಿಡ್ರಿ ಎಂದು ಯಾರೋ ಅಂದರು. ತಂಬಿಗೆ ಹಿಡಿದು ನೀರು ಹಾಕುತ್ತಿದ್ದವಳು ನಾನು. ಹಾಕು ಎಂದಾಗ ಹಾಕಿದೆ, ನಿಲ್ಲಿಸು ಎಂದಾಗ ನಿಲ್ಲಿಸಿದೆ. ಕಾನ್ವೆಂಟಿನಲ್ಲಿ ನನಗೆ ಒಬೀಡಿಯೆನ್ಸ್‌ಗೆ ಪ್ರೈಜ್ ಬಂದಿತ್ತು.

“ಅದೊಂದ ಉಳದಿತ್ತು ನಂದು ಅಂತ” ಎಂದು ವೈನಿ ಫೋಟೋ ಬದಿಗಿಟ್ಟಳು. ಬೇರೆ ಪ್ರಿಂಟ್ ತರುತ್ತೇನೆ, ಒರಿಜಿನಲ್ ಇದೆ, ಐದು ನಿಮಿಷದ ಕೆಲಸ ಎಂದು ನಾನು ಒಂದೇ ಉಸಿರಿನಲ್ಲಿ ಹೇಳಿದೆ. ತಾ, ಅಲ್ಲೀತನಾ ಇರ್ತೀನೇನೋ ನೋಡೂಣು ಎಂದಳು.

ಒರಿಜಿನಲ್ ಎಲ್ಲಿತ್ತು? ಆ ಹೆಸರಿನ ಫೈಲ್ ತೆರೆದರೆ ಬೋಳು ಹಣೆಯೇ ಬಂತು. ಶಬಾನಾಳನ್ನು ಮನೆಗೆ ಕರೆಸಿದೆ. ಅವಳು ಸ್ಕ್ರೀನ್ ನೋಡಿ, ನನ್ನ ಮುಖ ನೋಡಿ, ಬೈಯಬೇಕೆಂದುಕೊಂಡದ್ದನ್ನು ನುಂಗಿ, “ಮಿಸ್, ಸೇವ್ ಒತ್ತೀರಿ” ಎಂದಳು. ಕಾರ್ಡಿನ ತುಂಬ ಆಗಲೇ ಚಿಟ್ಟೆಯ ರೆಕ್ಕೆ ಕಟ್ಟಿಕೊಂಡ ಯುಕೆಜಿ ಮಕ್ಕಳು ಕುಣಿಯುತ್ತಿದ್ದರು. ಇರಲಿ, ಬೊಟ್ಟನ್ನು ನಾನೇ ಇಡುತ್ತೇನೆಂದು ಕೂತೆ. ಬ್ರಷ್ ಸಣ್ಣದು ಮಾಡಿ ಹಸಿರು ಬಣ್ಣ ಆರಿಸಿ ಇಟ್ಟರೆ ಸ್ಟಿಕರ್ ಬಿಂದಿಯಂತೆ ಕಂಡಿತು. ತೆಳುವು ಮಾಡಿದರೆ ಒರೆಸಿ ಉಳಿದ ಮಸಿಯಂತೆ. ಅಂಚು ಮಸುಕು ಮಾಡಿದರೆ ಪೆಟ್ಟು ಬಿದ್ದು ಕಂದಿದಂತೆ. ತೆಗೆಯಲು ಒಂದು ಕ್ಲಿಕ್ ಸಾಕಾಗಿದ್ದ ಬೊಟ್ಟನ್ನು ಮೂರು ದಿನ ಕೂತು ಇಟ್ಟರೂ ಅದು ಚರ್ಮದೊಳಗೆ ಇಳಿಯಲಿಲ್ಲ. ಮೇಲೆ ಮೇಲೆಯೇ ತೇಲುತ್ತಿತ್ತು. ಸರಿ, ಮತ್ತೊಂದು ಫೋಟೋ ತೆಗೆಯುವುದೇ ದಾರಿ ಎಂದು ಶಾಲೆಯಿಂದ ಕ್ಯಾಮೆರಾ ವಾಪಸ್ ತರಿಸಿದೆ. ಹೊರಡಲು ಸೀರೆ ಉಡುತ್ತಿದ್ದೆ, ಕಮಲಾಪುರದಿಂದ ಫೋನ್ ಬಂತು. ಕ್ಯಾಮೆರಾವನ್ನು ಮೇಜಿನ ಮೇಲೆಯೇ ಬಿಟ್ಟು ಹೋದೆ.

ಹದಿಮೂರನೆಯ ದಿನ ಪಡಸಾಲೆಯಲ್ಲಿ ಅದೇ ಫೋಟೋಕ್ಕೆ ಹಾರ ಹಾಕಿ ಇಟ್ಟಿದ್ದರು. ಬಂದವರೆಲ್ಲ ಎಂಥ ತೇಜಸ್ಸು ಎನ್ನುತ್ತಿದ್ದರು, ನನ್ನ ಕಡೆ ಮೆಚ್ಚುಗೆಯಿಂದ ನೋಡುತ್ತಿದ್ದರು. ನಿಜ ಹೇಳಿಬಿಡಲೇ ಎಂದು ಎರಡು ಸಲ ಎದ್ದು ಎರಡು ಸಲ ಕೂತೆ. ಅಷ್ಟರಲ್ಲಿ ವಿಜಯಾ ದೇವರ ಮನೆಯಿಂದ ಕುಂಕುಮದ ಬಟ್ಟಲು ಹಿಡಿದು ಬಂದಳು. ಫೋಟೋದ ಮುಂದೆ ನಿಂತು, “ಅತ್ಯಾ, ಹಣಿ ಬರೀದ ಕಾಣಸ್ತದ. ಅವರ ಹಣಿ ಹಿಂಗ ಬರೀದು ಇರ್ತಿರಲಿಲ್ಲಲ್ಲ” ಎಂದವಳು ಯೋಚನೆ ಮಾಡದೆ ಬೆರಳು ಅದ್ದಿ ಗಾಜಿನ ಮೇಲೆ ಒಂದು ಬೊಟ್ಟು ಇಟ್ಟಳು. ಇಪ್ಪತ್ತೈದು ವರ್ಷ ಅತ್ತೆಯ ತಲೆ ಬಾಚಿದ ಕೈ ಅದು. ಹುಬ್ಬುಗಳ ನಡುವೆ, ಒಂದು ಕೂದಲೆಳೆ ಎಡಕ್ಕೆ ಇಟ್ಟಿತು.

ನಮ್ಮ ಕಾಕಾ, ಎಂಬತ್ತೈದರ ಹಿರಿಯರು, ಎರಡೂ ಕಣ್ಣಿಗೆ ಪೊರೆ; ಆದರೂ ಇಂಥದ್ದು ಕಾಣುತ್ತದೆ. ವಿಧವಾ ಹೆಂಗಸಿನ ಫೋಟೋಕ್ಕೆ ಕುಂಕುಮ ಹಚ್ಚಿದವರು ಯಾರೆಂದು ಕೇಳಿದರು. ವಿಜಯಾ ಬಟ್ಟಲನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಕಾಕಾ ನನ್ನ ಕಡೆ ತಿರುಗಿ, “ಕುಸುಮಾ, ಫೋಟೋದ ಕೆಲಸಾ ನಿಂದು. ನೀನ ಒರಸು” ಎಂದರು. ಯಾರೋ ನನ್ನ ಕೈಗೆ ಒದ್ದೆ ಬಟ್ಟೆ ಕೊಟ್ಟರು.

ಬಟ್ಟೆ ಹಿಡಿದು ಹತ್ತಿರ ಹೋದೆ. ಬಣ್ಣ ತಪ್ಪು, ಹಸಿರಿರಬೇಕಾದಲ್ಲಿ ಕೆಂಪು. ಚರ್ಮದಲ್ಲಿರಬೇಕಾದದ್ದು ಗಾಜಿನ ಮೇಲಿದೆ. ಸರಿಯಿದ್ದದ್ದು ಜಾಗ ಒಂದೇ.

“ಇದು ಹಚ್ಚಿದ್ದಲ್ಲ ಕಾಕಾ” ಎಂದೆ. “ಪ್ರಿಂಟಿನಾಗ ಬಂದದ. ಹೋಗೂದಿಲ್ಲ.”

“ಕಂಪ್ಯೂಟರ್‌ನಾಗ ತಗೀಲಿಕ್ಕೆ ಬರೂದಿಲ್ಲೇನು?”

“ನನಗ ಬರೂದಿಲ್ಲ.”

ಮೂವತ್ತೈದು ವರ್ಷ ಇಂಗ್ಲಿಷಿನ ಜೊತೆ ಮಾರಲ್ ಸೈನ್ಸನ್ನೂ ಕಲಿಸಿದ ಬಾಯಿಂದ ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ವಿಜಯಾ ದಿನಾ ಗಾಜು ಒರೆಸುತ್ತಾಳೆ, ದಿನಾ ಪ್ರಿಂಟಿನ ದೋಷವನ್ನು ಮತ್ತೆ ಇಡುತ್ತಾಳೆ. ಈ ಬಗ್ಗೆ ನಾವಿಬ್ಬರೂ ಒಂದು ಮಾತನ್ನೂ ಆಡಿಲ್ಲ. ನಮ್ಮ ಬಳಗದಲ್ಲಿ ಮಾತ್ರ ಫೋಟೋದವಳೆಂಬ ನನ್ನ ಹೆಸರು ಅಲ್ಲಿಗೆ ಮುಗಿಯಿತು. ಆ ವರ್ಷವೇ ಕಾಕಾ ತಮ್ಮ ಫೋಟೋವನ್ನು ಮುಂಚಿತವಾಗಿ ಸೂಪರ್ ಮಾರ್ಕೆಟ್ಟಿನ ಸ್ಟುಡಿಯೋದಲ್ಲಿ ತೆಗೆಸಿ ಇಟ್ಟುಕೊಂಡರಂತೆ. ಮನೆಯಲ್ಲೇ ಕುಸುಮಾ ಇದ್ದಾಳಲ್ಲ ಎಂದು ಯಾರೋ ಕೇಳಿದ್ದಕ್ಕೆ, ಬೇಡಪ್ಪ, ಆಕೆಗೆ ಕಲೆ ತೆಗೆಯಲು ಬರುವುದಿಲ್ಲ ಎಂದರಂತೆ.